ನೂರಕ್ಕೆ ನೂರು ತೆಗೆದ ಮಕ್ಕಳು

ನನಗೆ ಸಿಟ್ಟು ಬೇಗ ಬರುತ್ತದೆ. ಮೈಸೂರಿನಲ್ಲಿ ನಮ್ಮಮ್ಮ ಇದಕ್ಕೆ ಪಿತ್ತ ಎನ್ನುತ್ತಿದ್ದಳು. ಫ್ರಾಂಕ್‌ಫರ್ಟಿನ ನಮ್ಮ ಆಸ್ಪತ್ರೆಯಲ್ಲಿ "ಡಾಕ್ಟರ್ ವೇದಾ ನೇರ ಮಾತಿನವರು" ಎಂದು ಮರ್ಯಾದೆಯಾಗಿ ಹೇಳುತ್ತಾರೆ. ಇಪ್ಪತ್ತು ವರ್ಷಗಳಿಂದ ಇಲ್ಲಿ ಮಕ್ಕಳ ಮನೋವೈದ್ಯೆಯಾಗಿದ್ದೇನೆ. ಇಪ್ಪತ್ತು ವರ್ಷಗಳಿಂದಲೂ ನನ್ನ ಸಿಟ್ಟಿಗೆ ಕಾರಣ ಒಂದೇ. ಮಕ್ಕಳನ್ನು ನಮ್ಮ ಹತ್ತಿರ ಕರೆತರುವುದು ಎಲ್ಲ ಕೈಮೀರಿದ ಮೇಲೆ. ಒಂದು ವರ್ಷದಿಂದ ಶಾಲೆಯ ಮುಖ ನೋಡದ ಹುಡುಗಿ, ವೇಪ್ ಎಂಬ ಇ-ಸಿಗರೇಟಿನಲ್ಲಿ ಶುರು ಮಾಡಿ ನಶೆಯ ಮಾತ್ರೆಗೆ ಬಂದು ನಿಂತ ಹುಡುಗ. ಬೆಂಕಿ ಬಿದ್ದಾಗ ಬಾವಿ ತೋಡಿದರು ಎನ್ನುತ್ತೇವಲ್ಲ, ನಮ್ಮ ವಾರ್ಡಿನಲ್ಲಿ ದಿನಾ ನಡೆಯುವುದು ಅದೇ.

ಅದಕ್ಕೇ ಈ ಯೋಜನೆಗೆ ಕೈ ಹಾಕಿದೆ. ಅದರ ಜರ್ಮನ್ ಹೆಸರು ರೈಲಿನಷ್ಟು ಉದ್ದವಿದೆ, ನಾವು ಚಿಕ್ಕದಾಗಿ 'ಮೊದಲೇ' ಎಂದು ಕರೆಯುತ್ತೇವೆ. ಹನ್ನೆರಡರಿಂದ ಹದಿನೈದು ವರ್ಷದ ಮಕ್ಕಳು ಮತ್ತು ಅವರ ಅಪ್ಪ ಅಮ್ಮ ಒಟ್ಟಿಗೆ ಎಂಟು ಸಂಜೆ ಬಂದು ಕೂರಬೇಕು. ನಿದ್ದೆ, ಮಾರ್ಕ್ಸು, ಫೋನು, ಕುಡಿತ, ಗಾಂಜಾ, ಬೇಸರ, ಎಲ್ಲವನ್ನೂ ಬಾಯಿಬಿಟ್ಟು ಮಾತಾಡಬೇಕು. ಕಾಯಿಲೆ ಬರುವ ಮೊದಲೇ ಮಾತಾಡಿದರೆ ಕಾಯಿಲೆ ಕಡಿಮೆಯಾಗುತ್ತದೆಯೇ ಎಂದು ನೋಡುವುದು ನಮ್ಮ ಸಂಶೋಧನೆ. ಅರ್ಧ ಕುಟುಂಬಗಳಿಗೆ ಈಗ, ಉಳಿದರ್ಧಕ್ಕೆ ಒಂದು ವರ್ಷ ಬಿಟ್ಟು. ಯಾರಿಗೆ ಯಾವಾಗ ಎಂದು ಚೀಟಿ ಎತ್ತಿ ತೀರ್ಮಾನಿಸುವುದು. ಆಮೇಲೆ ಎರಡೂ ಗುಂಪನ್ನು ಹೋಲಿಸುವುದು.

ಹೇಳಲು ಸುಲಭ. ಆದರೆ ತಡೆಯುವ ಕೆಲಸಕ್ಕೆ ದುಡ್ಡು ಹುಟ್ಟಿಸುವಷ್ಟು ಕಷ್ಟ ಇನ್ನೊಂದಿಲ್ಲ. ಗುಣವಾದ ರೋಗಿಯನ್ನು ತೋರಿಸಬಹುದು. ರೋಗವೇ ಬರದಿದ್ದವನನ್ನು ಎಲ್ಲಿಂದ ಹಿಡಿದು ತಂದು ತೋರಿಸಲಿ? ಬೊನ್ ನಗರದ ಒಂದು ಪ್ರತಿಷ್ಠಾನ ಕೊನೆಗೂ ಮನಸ್ಸು ಮಾಡಿ ಮೊದಲ ವರ್ಷಕ್ಕೆ ಹಣ ಕೊಟ್ಟಿತ್ತು. ಮುಂದಿನ ಮೂರು ವರ್ಷಕ್ಕೆ ಕೊಡಬೇಕೋ ಬೇಡವೋ ಎಂದು ವಸಂತದಲ್ಲಿ ತೀರ್ಮಾನ. ಟರ್ಕಿ, ಪೋಲೆಂಡ್, ಭಾರತ, ಈ ಮೂರು ದೇಶಗಳಿಂದ ಬಂದ ಕುಟುಂಬಗಳನ್ನು ತೆಗೆದುಕೊಂಡಿದ್ದೆವು. ಭಾರತದ ಗುಂಪು ಬೇಕೇ ಬೇಕು ಎಂದು ಹಟ ಹಿಡಿದವಳು ನಾನು. ಮನೆಮನೆಗೆ ಹೋಗಿ, ಹೋದಲ್ಲೆಲ್ಲ ಉಪ್ಪಿಟ್ಟು ತಿಂದು ಒಪ್ಪಿಸಿದವಳೂ ನಾನೇ. ಹಾಗಾಗಿ ಅದರಲ್ಲಿ ಮುಕ್ಕಾಲು ಪಾಲು ಕನ್ನಡದವರೇ ಇದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಸುಹಾಸ್ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಆಖೆನ್‌ನಲ್ಲಿ ಓದು ಮುಗಿಸಿ ನಮ್ಮಲ್ಲಿ ಅಂಕಿಸಂಖ್ಯೆ ನೋಡಿಕೊಳ್ಳುವವನು ಅವನು. ಕಾರ್ಯಕ್ರಮ ಶುರುವಾಗುವ ಮುನ್ನ ಎಲ್ಲ ಮಕ್ಕಳಿಂದಲೂ ಒಂದು ಪ್ರಶ್ನಾವಳಿ ತುಂಬಿಸಿದ್ದೆವು, ಅದರ ಫಲಿತಾಂಶ ಬಂದಿತ್ತು.

"ಮೇಡಂ, ಇಂಡಿಯನ್ ಗ್ರೂಪ್ ನೋಡಿ. ಒಂದೋ ಈ ಮಕ್ಕಳೆಲ್ಲ ಋಷಿಮುನಿಗಳು, ಇಲ್ಲಾ ಎಲ್ಲೋ ಎಡವಟ್ಟಾಗಿದೆ."

ನೋಡಿದೆ. ನಿದ್ದೆ ಬಹಳ ಚೆನ್ನಾಗಿ ಬರುತ್ತದೆ. ಬೇಸರ ಎಂದೂ ಆಗಿಲ್ಲ. ಮನಸ್ಸಿಗೆ ನೋವಾದರೆ ಅಪ್ಪ ಅಮ್ಮನಿಗೆ ಹೇಳುತ್ತೇನೆ, ಯಾವಾಗಲೂ. ಸಾಲು ಸಾಲಾಗಿ, ಮಗು ಮಗುವೂ ಹೀಗೇ.

"ಇಲ್ಲಿ ನೋಡಿ," ಎಂದು ಸುಹಾಸ್ ಇನ್ನೊಂದು ಸಾಲು ತೋರಿಸಿದ. "'ನಿನ್ನ ಶಾಲೆಯಲ್ಲಿ ಯಾರಾದರೂ ವೇಪ್ ಮಾಡುವುದನ್ನು ನೋಡಿದ್ದೀಯಾ?' ಎಲ್ರೂ ಇಲ್ಲ ಅಂದಿದ್ದಾರೆ. ಮೇಡಂ, ಜರ್ಮನಿಲಿ ಸ್ಕೂಲ್ ಟಾಯ್ಲೆಟ್‌ಗೆ ಒಂದ್ಸಲ ಹೋಗ್ಬಂದಿರೋ ಯಾವ ಮಗುನೂ ಇದಕ್ಕೆ ಇಲ್ಲ ಅನ್ನಲ್ಲ."

ಫಲಿತಾಂಶದ ಪ್ರತಿ ಬೊನ್‌ಗೂ ಹೋಗಿತ್ತು, ಅದೇ ಮಧ್ಯಾಹ್ನ ಪ್ರತಿಷ್ಠಾನದ ಪ್ರೊಫೆಸರ್ ಹೋಲ್ಟ್‌ಕಾಂಪ್ ಅವರಿಂದ ಮೇಲ್ ಬಂತು. ಅರ್ಜಿಗಳನ್ನು ಅಳೆದು ತೂಗುವ ಸಮಿತಿಯ ಮುಖ್ಯಸ್ಥೆ ಆಕೆ. ಭಾರತೀಯ ಮಕ್ಕಳ ಆರೋಗ್ಯ ಸಂತೋಷದ ವಿಷಯ, ಈ ಗುಂಪಿಗೆ ಕಾರ್ಯಕ್ರಮದ ಅಗತ್ಯ ಕಾಣುವುದಿಲ್ಲ, ಹಣವನ್ನು ಉಳಿದೆರಡು ಗುಂಪಿಗೆ ಹಂಚೋಣವೇ ಎಂದು ಬರೆದಿದ್ದರು. ನಮ್ಮ ವಿಭಾಗದ ಮುಖ್ಯಸ್ಥ ವೀಗಾಂಡ್ ಅದನ್ನು ಓದಿ ನನ್ನ ಬೆನ್ನು ತಟ್ಟಿದ. "ಒಳ್ಳೆ ಸುದ್ದಿ ತಾನೆ? ಕೆಲಸ ಕಡಿಮೆಯಾಯಿತು," ಎಂದ.

ಆ ವಾರ ನಮ್ಮ ವಾರ್ಡಿನಲ್ಲಿ ಒಂದು ಮಗುವಿತ್ತು. ಹೆಸರು ಹೇಳುವಂತಿಲ್ಲ. ನಿದ್ದೆಗಣ್ಣಿನಲ್ಲಿ ಅದು ಬಡಬಡಿಸುತ್ತಿದ್ದದ್ದು ಕನ್ನಡದಲ್ಲಿ. ಅದರ ತಾಯಿ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು, "ನಮಗೆ ಏನೂ ಗೊತ್ತೇ ಆಗ್ಲಿಲ್ಲ ಡಾಕ್ಟ್ರೇ, ಏನೂ ಗೊತ್ತೇ ಆಗ್ಲಿಲ್ಲ," ಎಂದು ಅಳುತ್ತಿದ್ದಳು. ಆ ಗುಂಪಿನ ಹಣ ನಿಂತರೆ ಇಂಥ ಇನ್ನೊಬ್ಬ ತಾಯಿ ಇದೇ ಕಾರಿಡಾರಿಗೆ ಬಂದು ಇದೇ ಮಾತು ಹೇಳುತ್ತಾಳೆ. ಬಿಡುವುದಿಲ್ಲ ಎಂದುಕೊಂಡೆ.

ಶನಿವಾರ ನೇರವಾಗಿ ಕನ್ನಡ ಸಂಘದ ಮಕ್ಕಳ ತರಗತಿಗೆ ಹೋದೆ. ಒಂದು ಚರ್ಚಿನ ಸಮುದಾಯ ಭವನವನ್ನು ಬಾಡಿಗೆಗೆ ಹಿಡಿದು ನಡೆಸುವ ತರಗತಿ ಅದು. ಸಂಘದ ಅಧ್ಯಕ್ಷ ಲಕ್ಷ್ಮೀಶ ಬಾಗಿಲಲ್ಲೇ ಸಿಕ್ಕ. ಬ್ಯಾಂಕುಗಳ ಸಾಫ್ಟ್‌ವೇರ್ ಬರೆಯುವ ಕೆಲಸ ಅವನದು, ಯುಗಾದಿಯಿಂದ ರಾಜ್ಯೋತ್ಸವದವರೆಗೆ ಎಲ್ಲದಕ್ಕೂ ಹೆಗಲು ಕೊಡುವವನು. ನನ್ನನ್ನು ನೋಡಿದ್ದೇ ಮುಖ ಅರಳಿತು.

"ಮೇಡಂ! ರಿಸಲ್ಟ್ ಬಂತಾ? ನಮ್ಮ ಮಕ್ಕಳು ಹೇಗ್ ಮಾಡಿದ್ದಾರೆ?"

"ಹೇಗೆ ಮಾಡಿದ್ದಾರೆ ಅಂದ್ರೆ?"

"ಪ್ರಿಪರೇಶನ್ ಚೆನ್ನಾಗ್ ಆಗಿತ್ತು. ಎರಡು ವೀಕೆಂಡ್ ಜೂಮ್‌ನಲ್ಲಿ ಕೂರಿಸಿದ್ವಿ. ಒಂದು ಮಾಕ್ ಟೆಸ್ಟೂ ಮಾಡಿದ್ವಿ."

ಒಪ್ಪಿಗೆ ಪಡೆಯುವಾಗ ಪೋಷಕರಿಗೆ ಪ್ರಶ್ನೆಗಳ ಮಾದರಿಯನ್ನು ಕೊಡಬೇಕು, ಅದು ಇಲ್ಲಿನ ನಿಯಮ. ಟರ್ಕಿಯವರು, ಪೋಲೆಂಡಿನವರು ಅದನ್ನು ಓದಿ ಸಹಿ ಹಾಕಿ ಬದಿಗಿಟ್ಟರು. ನಮ್ಮವರು ಅದನ್ನು ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಎಂದು ತಿಳಿದರು. ಲಕ್ಷ್ಮೀಶ ಮಾದರಿ ಉತ್ತರಗಳ ಸ್ಲೈಡ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದ್ದ. ತಾಯಂದಿರು ಅದನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು.

"ಲಕ್ಷ್ಮೀಶ, ಅದು ಪರೀಕ್ಷೆ ಅಲ್ಲ!"

"ಗೊತ್ತು ಮೇಡಂ. ಆದ್ರೆ ರಿಸಲ್ಟ್ ಬರುತ್ತಲ್ಲ? ರಿಸಲ್ಟ್ ಬರೋದೆಲ್ಲ ಪರೀಕ್ಷೆನೇ."

ನನ್ನ ಪಿತ್ತ ನೆತ್ತಿಗೇರಿತು. ಹುಡುಗರು ಒಳಗೆ ಒತ್ತಕ್ಷರ ತಿದ್ದುತ್ತಿದ್ದರು, ಅವರಿಗೆ ಕೇಳಿಸೀತು ಎಂಬುದನ್ನೂ ಮರೆತು ಬಾಯಿಗೆ ಬಂದಂತೆ ಬೈದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ವೇದಿಕೆಯ ಮೇಲೆ ಭಾಷಣ ಬಿಗಿಯುವ ಮನುಷ್ಯ ಗಿಡಕ್ಕೇ ಸುಳ್ಳು ಹೇಳಲು ಕಲಿಸಿದ್ದಾನಲ್ಲ ಎಂದೆ. ನಿಮ್ಮ ನೂರಕ್ಕೆ ನೂರರಿಂದಾಗಿ ಹಣ ನಿಲ್ಲುತ್ತಿದೆ ಎಂದೆ. ಲಕ್ಷ್ಮೀಶ ಕಣ್ಣು ಕಣ್ಣು ಬಿಟ್ಟ.

"ಅಂದ್ರೆ, ಫೇಲ್ ಆಗಿದ್ರೆ ದುಡ್ಡು ಕೊಡ್ತಿದ್ರಾ? ಎಂಥಾ ದೇಶ ಮೇಡಂ ಇದು!"

ಪಕ್ಕದಲ್ಲಿ ಅವನ ಮಗಳು ಸುರಭಿ ಕೋಟಿನ ಜೇಬಿನಲ್ಲಿ ಕೈ ಹಾಕಿ ನಿಂತಿದ್ದಳು. ಹದಿನಾಲ್ಕು ವರ್ಷ. "ಪಪ್ಪ, ನಾನು ನಿನಗೆ ಆಗಲೇ ಹೇಳಿದ್ದೆ," ಎಂದು ಜರ್ಮನ್‌ನಲ್ಲಿ ಹೇಳಿ ಹೊರಗೆ ಹೋದಳು. ಲಕ್ಷ್ಮೀಶ ಅವಳು ಹೋದ ಕಡೆ ನೋಡಿದ. ಏನು ಹೇಳಿದ್ದಳು ಎಂದು ನಾನು ಕೇಳಲಿಲ್ಲ.

ಸೋಮವಾರ ವೀಗಾಂಡ್ ಬುದ್ಧಿ ಹೇಳಿದ. "ಸುಮ್ಮನೆ ಆ ಗುಂಪನ್ನು ಬಿಟ್ಟುಬಿಡು ವೇದಾ. ಉತ್ತರಗಳು ಕಲಬೆರಕೆ ಎಂದು ನೀನೇ ಹೇಳಿದರೆ ಉಳಿದೆರಡು ಗುಂಪಿನ ಮೇಲೂ ಅನುಮಾನ ಬರುತ್ತದೆ. ಇಡೀ ಯೋಜನೆ ಮುಳುಗುತ್ತದೆ." ಅವನ ಮಾತು ಸುಳ್ಳಲ್ಲ. ನನಗೂ ಭಯವಾಯಿತು. ಆದರೂ ಕೋಣೆಗೆ ಬಂದು ಬೊನ್‌ಗೆ ಫೋನ್ ಮಾಡಿ, ನಡೆದದ್ದನ್ನು ನಡೆದ ಹಾಗೆ ಹೋಲ್ಟ್‌ಕಾಂಪ್ ಅವರಿಗೆ ಹೇಳಿದೆ, ಮಾಕ್ ಟೆಸ್ಟನ್ನೂ ಸೇರಿಸಿ.

ಆಕೆ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಆಕೆ, "ಮಕ್ಕಳು ಮತ್ತೊಮ್ಮೆ ಉತ್ತರಿಸಲಿ. ಪೋಷಕರು ಜೊತೆಯಲ್ಲಿ ಇರಕೂಡದು. ಏಪ್ರಿಲ್ ಸಭೆಯೊಳಗೆ ಮುಕ್ಕಾಲು ಪಾಲು ಕುಟುಂಬಗಳು ಒಪ್ಪಿದರೆ ನೋಡೋಣ. ಇಲ್ಲದಿದ್ದರೆ ಆ ಗುಂಪಿಗೆ ಹಣವಿಲ್ಲ," ಎಂದರು.

ಮುಂದಿನ ಭಾನುವಾರ ಮಧ್ಯಾಹ್ನ ಅದೇ ಭವನದಲ್ಲಿ ಪೋಷಕರ ಸಭೆ ಸೇರಿಸಿದೆ. ಬೈದಿದ್ದರೂ ಲಕ್ಷ್ಮೀಶನೇ ಎಲ್ಲರಿಗೂ ಹೇಳಿ ಕರೆಸಿದ್ದ, ಅದು ಅವನ ದೊಡ್ಡ ಗುಣ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮತ್ತೆ ಕೇಳುತ್ತೇವೆ ಎಂದದ್ದೇ ತಡ, ಸಭೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು.

"ಉತ್ತರ ಎಲ್ಲಿಗ್ ಹೋಗುತ್ತೆ ಡಾಕ್ಟ್ರೇ? ಯೂಗೆಂಡ್‌ಆಮ್ಟ್‌ಗೆ ಹೋದ್ರೆ?" ಎಂದ ಒಬ್ಬ. ಮಕ್ಕಳ ರಕ್ಷಣೆಯ ಆ ಕಚೇರಿಯ ಹೆಸರು ಕೇಳಿದರೆ ನಮ್ಮವರಿಗೆ ಯಮಲೋಕದ ಬಾಗಿಲು ತೆರೆದ ಹಾಗೆ.

"ನಮ್ಮ ಸಿಟಿಜನ್‌ಶಿಪ್ ಅರ್ಜಿ ಪೆಂಡಿಂಗ್ ಇದೆ," ಎಂದಳು ಇನ್ನೊಬ್ಬಳು.

"ಇನ್ಶೂರೆನ್ಸ್‌ನವ್ರಿಗೆ ಗೊತ್ತಾದ್ರೆ ಜೀವಮಾನಪೂರ್ತಿ ಪ್ರೀಮಿಯಂ ಜಾಸ್ತಿ ಆಗುತ್ತಂತೆ."

"ನಾಳೆ ಮದ್ವೆ ಮಾಡ್ಬೇಡ್ವಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಮಕ್ಕಳಿಗೆ ಇನ್ನೂ ಹದಿನೈದು ದಾಟಿಲ್ಲ.

ಹಾಳೆಯಲ್ಲಿ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ, ಯಾರದ್ದು ಯಾವುದು ಎಂದು ನನಗೂ ತಿಳಿಯುವುದಿಲ್ಲ, ಜೀವಕ್ಕೆ ಅಪಾಯವಿದೆ ಎಂದು ಮಗುವೇ ಹೇಳಿದರೆ ಮಾತ್ರ ಸಂಖ್ಯೆಯಿಂದ ಹೆಸರು ಹುಡುಕಿ ಮಾತಾಡಿಸುತ್ತೇವೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ತಾಳ್ಮೆ ಕೆಟ್ಟಿತು. ಚೀಲದಲ್ಲಿದ್ದ ಪ್ರಶ್ನಾವಳಿಗಳನ್ನು ತೆಗೆದು ಒಬ್ಬೊಬ್ಬರ ಕೈಗೂ ತುರುಕಿದೆ.

"ಮಕ್ಕಳದು ಆಮೇಲೆ. ಮೊದಲು ನೀವು ತುಂಬಿ. ನಿಮ್ಮ ಬಗ್ಗೆ. ನನಗೆ ವಾಪಸ್ ಕೊಡೋದೂ ಬೇಡ, ಮನೆಗೆ ತಗೊಂಡ್ ಹೋಗಿ ಹರಿದ್ ಹಾಕಿ."

ಪೆನ್ನುಗಳು ಹೊರಬಂದವು. ಆಮೇಲೆ ನಡೆದದ್ದನ್ನು ನೋಡಿದ್ದರೆ ನಗುತ್ತಿದ್ದಿರೋ ಅಳುತ್ತಿದ್ದಿರೋ. ಇಂಜಿನಿಯರುಗಳು, ವಿಜ್ಞಾನಿಗಳು, ಇಬ್ಬರು ಡಾಕ್ಟರರು, ಎಲ್ಲರೂ ಎಡಗೈಯಲ್ಲಿ ತಮ್ಮ ಹಾಳೆ ಮುಚ್ಚಿಕೊಂಡು ಪಕ್ಕದವರ ಹಾಳೆ ಇಣುಕುತ್ತಿದ್ದರು. ಒಬ್ಬ ಗಂಡ ಹೆಂಡತಿಯನ್ನು ಕೇಳಿ ಬರೆಯುತ್ತಿದ್ದ. ಮುಂದಿನ ಸಾಲಿನಲ್ಲಿದ್ದ ಲಕ್ಷ್ಮೀಶ ಕೈ ಎತ್ತಿದ.

"ಮೇಡಂ, ಆರನೇದಕ್ಕೆ ಸರಿಯಾದ ಉತ್ತರ ಯಾವ್ದು?"

"ಆರನೇದು ಏನು?"

"'ನಿದ್ದೆ ಬರಲಿ ಎಂದು ಏನಾದರೂ ಕುಡಿಯುತ್ತೀಯಾ?'"

"ನೀವು ಕುಡಿತೀರೋ ಇಲ್ವೋ ನನಗೇನ್ ಗೊತ್ತು ಲಕ್ಷ್ಮೀಶ? ಸರಿ ಉತ್ತರ ನಿಮ್ಮ ಹತ್ರ ಇದೆ."

ಅವನು ಹಾಳೆಯನ್ನು ನೋಡುತ್ತ ಕುಳಿತ. ನಾನು ಮುಂದಿನವರ ಕಡೆ ತಿರುಗಿದ್ದೆ. ಕುರ್ಚಿ ಸರಿದ ಸದ್ದಿಗೆ ತಿರುಗಿ ನೋಡಿದರೆ ಅವನು ಎದ್ದು ನಿಂತಿದ್ದ, ಸಭೆಯ ಕಡೆ ಮುಖ ಮಾಡಿ.

"ನಾನು ಇದಕ್ಕೆ 'ಎಂದೂ ಇಲ್ಲ' ಅಂತ ಟಿಕ್ ಹಾಕಿದ್ದೆ. ಈಗ ಹೊಡೆದ್ಹಾಕ್ತಾ ಇದ್ದೀನಿ," ಎಂದ. "ಹೋದ್ ವರ್ಷ ಆಫೀಸಲ್ಲಿ ಟೀಮ್ ಒಡೆದ್ರು. ಆವತ್ತಿಂದ ಬಿಯರ್ ಇಲ್ದೆ ನಿದ್ದೆ ಬರಲ್ಲ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ಆದ್ರೆ ಬಾಟ್ಲಿ ಇರುತ್ತಲ್ಲ? ಪ್ರತಿ ಶನಿವಾರ ಸೂಪರ್‌ಮಾರ್ಕೆಟ್ ಮಿಷನ್‌ಗೆ ಖಾಲಿ ಬಾಟ್ಲಿ ಹಾಕಿ ಡೆಪಾಸಿಟ್ ದುಡ್ಡು ವಾಪಸ್ ತಗೊಳ್ಳೋದು ನಮ್ಮ ಸುರಭಿ. ಅದೇ ಅವಳ ಪಾಕೆಟ್ ಮನಿ. ನಾನೇ ಹೇಳಿದ್ದೆ, ಇಟ್ಕೋ ಅಂತ." ಹಾಳೆಯನ್ನು ಮಡಚುತ್ತ ಹೇಳಿದ, "ಅದೇ ಮಗುಗೆ ನಾನು ಬಾಯಿಪಾಠ ಮಾಡ್ಸಿದ್ದೀನಿ. 'ನಿಮ್ಮ ಮನೆಯಲ್ಲಿ ಯಾರಾದರೂ ಹೆಚ್ಚು ಕುಡಿಯುತ್ತಾರಾ?' 'ಇಲ್ಲ.' ಮೂರು ಸಲ ಹೇಳ್ಸಿದೆ."

ಅವನ ಹೆಂಡತಿ ಕೀರ್ತಿ ತಲೆ ತಗ್ಗಿಸಿ ಅಳುತ್ತಿದ್ದಳು. ಯಾರೂ ಅವನ ಮುಖ ನೋಡಲಿಲ್ಲ. ಎಂಟು ದಿನದ ಹಿಂದೆ ಬೈದದ್ದಕ್ಕೆ ನನಗೆ ನಾಚಿಕೆಯಾಯಿತು. ಆ ಮನುಷ್ಯನ ಮೇಲೆ ಅಂಥ ಅಭಿಮಾನ ಉಕ್ಕಿತು.

"ನನ್ನ ಮಗಳು ಬರೀತಾಳೆ," ಎಂದು ಲಕ್ಷ್ಮೀಶ ಒಪ್ಪಿಗೆಯ ಹಾಳೆಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟ. ಮೆಲ್ಲಗೆ ಇನ್ನೊಬ್ಬಳು ಎದ್ದು ಬಂದಳು. ಸಿಟಿಜನ್‌ಶಿಪ್ ಅರ್ಜಿ ಹಾಕಿದ್ದವಳು. ಆಮೇಲೆ ಸಾಲು ನಿಂತಿತು, ಬೊನ್ ಕೇಳಿದ್ದ ಮುಕ್ಕಾಲು ಪಾಲೂ ದಾಟಿತು. ಮದುವೆಯ ಚಿಂತೆಯವರು ಮಾತ್ರ ಕಾಫಿ ಕುಡಿದು ಹೊರಟುಹೋದರು, ಹೋಗಲಿ ಬಿಡಿ.

ಮಾರ್ಚ್‌ನಲ್ಲಿ ಮಕ್ಕಳು ಮತ್ತೆ ಉತ್ತರಿಸಿದರು. ಸುಹಾಸ್ ಫಲಿತಾಂಶ ತಂದಾಗ ಅವನ ಮುಖ ಸಣ್ಣಗಾಗಿತ್ತು. ಮೂವರಲ್ಲಿ ಒಬ್ಬರಿಗೆ ಸರಿಯಾಗಿ ನಿದ್ದೆಯಿಲ್ಲ. ವೇಪ್ ನೋಡಿದವರಿರಲಿ, ಸೇದಿದವರೇ ಸಾಕಷ್ಟಿದ್ದರು. ಮನಸ್ಸಿಗೆ ನೋವಾದರೆ ಯಾರಿಗೆ ಹೇಳುತ್ತೀಯಾ ಎಂಬುದಕ್ಕೆ ಹೆಚ್ಚಿನವರು ಬರೆದದ್ದು 'ಯಾರಿಗೂ ಇಲ್ಲ'. ಓದಿ ಸಂಕಟವಾಯಿತು. ಆದರೆ ನಿಜ ಹೇಳಿದ್ದಾರಲ್ಲ ಎಂಬ ಸಮಾಧಾನವೂ ಆಯಿತು. ಎರಡೂ ಒಟ್ಟಿಗೇ ಆಗುತ್ತವೆ, ಏನು ಮಾಡುವುದು.

ಏಪ್ರಿಲ್‌ನಲ್ಲಿ ಬೊನ್‌ಗೆ ಹೋದೆವು. ಪೋಷಕರ ಪರವಾಗಿ ಒಬ್ಬರು ಬರಬೇಕು ಎಂಬುದು ಪ್ರತಿಷ್ಠಾನದ ನಿಯಮ. ಲಕ್ಷ್ಮೀಶ ಸೂಟು ಹಾಕಿಕೊಂಡು ಬಂದ. ರೈಲಿನಲ್ಲಿ ಮೂವತ್ತು ಸ್ಲೈಡುಗಳನ್ನು ತೆರೆದು ಕುಳಿತವನ ಲ್ಯಾಪ್‌ಟಾಪನ್ನು ನಾನೇ ಮುಚ್ಚಿದೆ.

"ಇನ್ನೂ ಬುದ್ಧಿ ಬಂದಿಲ್ವಾ ನಿಮಗೆ? ಬಾಯಲ್ಲಿ ಹೇಳಿ ಸಾಕು."

ಉದ್ದನೆಯ ಮೇಜಿನ ಆಚೆ ಏಳು ಜನ ಕುಳಿತಿದ್ದರು. ನಡುವೆ ಹೋಲ್ಟ್‌ಕಾಂಪ್, ಬಿಳಿ ಕೂದಲಿನ, ಕಡ್ಡಿಯಂಥ ಹೆಂಗಸು. ಆಕೆ ಕೇಳಿದ್ದು ನಾನು ಹೆದರಿದ್ದ ಪ್ರಶ್ನೆಯನ್ನೇ.

"ಜನವರಿಯಲ್ಲಿ ಈ ಮಕ್ಕಳೆಲ್ಲ ಸುಖವಾಗಿದ್ದರು. ಮಾರ್ಚ್‌ನಲ್ಲಿ ಉಳಿದೆರಡು ಗುಂಪಿಗಿಂತ ಕಷ್ಟದಲ್ಲಿದ್ದಾರೆ. ಮೊದಲನೆಯದನ್ನು ಅಪ್ಪ ಅಮ್ಮ ಹೇಳಿಕೊಟ್ಟರು ಅಂತೀರಿ. ಎರಡನೆಯದನ್ನು ನೀವು ಹೇಳಿಕೊಟ್ಟಿಲ್ಲ ಎಂದು ನಾನು ಹೇಗೆ ನಂಬಲಿ? ಹಣ ಬರುವುದು ಕೆಟ್ಟ ಫಲಿತಾಂಶಕ್ಕೇ ಎಂದು ಎಲ್ಲರಿಗೂ ಗೊತ್ತಾಗಿತ್ತಲ್ಲ."

ಸುಹಾಸ್ ತನ್ನ ಲೆಕ್ಕಗಳನ್ನು ತೋರಿಸಿದ. ಹೇಳಿಕೊಟ್ಟ ಉತ್ತರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ, ಇವು ಹಾಗಿಲ್ಲ ಎಂದ. ಆಕೆ ತಲೆಯಾಡಿಸಿದರು, ಆದರೆ ಹುಬ್ಬು ಇಳಿಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಲಕ್ಷ್ಮೀಶ ಮಾತಾಡಿದ. ಅವನದು ಆಫೀಸಿನ ಜರ್ಮನ್, ತಪ್ಪುಗಳಿಗೆ ಅಂಜುವುದಿಲ್ಲ.

"ಮೊದಲನೆಯ ಉತ್ತರಗಳು ನನ್ನವು. ಈಗ ಕೇಳಿದರೂ ಎಲ್ಲವನ್ನೂ ಬಾಯಿಪಾಠ ಒಪ್ಪಿಸುತ್ತೇನೆ. ಎರಡನೆಯವು ನನಗೆ ಗೊತ್ತಿಲ್ಲ. ಮಗಳು ಬರೆದ ದಿನ ಟ್ರಾಮ್‌ನಲ್ಲಿ ಏನು ಬರೆದೆ ಎಂದು ಕೇಳಿದೆ. ಅದು ನಿನಗೆ ಸಂಬಂಧವಿಲ್ಲದ ವಿಷಯ ಎಂದಳು." ಅವನು ಟೈ ಸಡಿಲಿಸಿಕೊಂಡ. "ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಹತ್ತಿರ ಮೊದಲ ಸಲ ಹಾಗೆ ಮಾತಾಡಿದ್ದು. ಅದಕ್ಕೇ ಅವು ನಿಜ ಎಂದು ನನಗೆ ಗೊತ್ತು."

ಮೇಜಿನ ತುದಿಯಲ್ಲಿ ಯಾರೋ ನಕ್ಕರು. ಹೋಲ್ಟ್‌ಕಾಂಪ್ ನಗಲಿಲ್ಲ. "ನನಗೂ ಒಬ್ಬ ಮಗಳಿದ್ದಾಳೆ," ಎಂದಷ್ಟೇ ಹೇಳಿ ಮುಂದಿನ ಪುಟ ತಿರುವಿದರು.

ಎರಡು ವಾರದ ಮೇಲೆ ಒಪ್ಪಿಗೆ ಬಂತು. ಮೂರು ವರ್ಷ, ಮೂರೂ ಗುಂಪು. ಆದರೆ ಭಾರತದ ಗುಂಪಿಗೆ ಒಂದು ಷರತ್ತು ಅಂಟಿಕೊಂಡಿತ್ತು. ಇನ್ನೊಮ್ಮೆ ಎಲ್ಲಾದರೂ ಕೈಯಾಡಿಸಿದ್ದು ಕಂಡರೆ ಆ ಗುಂಪಿನ ಹಣ ಅಂದೇ ನಿಲ್ಲುತ್ತದೆ. ಚೀಟಿ ಎತ್ತುವ ಕೆಲಸವೂ ನಮ್ಮದಲ್ಲ, ಬೊನ್‌ನ ಕಂಪ್ಯೂಟರ್ ಮಾಡುತ್ತದೆ. ನಾನು ವಾರ್ಡಿನ ನರ್ಸುಗಳಿಗೆಲ್ಲ ಮೈಸೂರುಪಾಕು ಹಂಚಿದೆ.

ಚೀಟಿಯ ಫಲಿತಾಂಶ ಬಂದ ಮಾರನೆಯ ದಿನ ಲಕ್ಷ್ಮೀಶ ಆಸ್ಪತ್ರೆಗೆ ಬಂದ. ಕಾಯುವ ಗುಂಪಿನಲ್ಲಿ ಅವನ ಮನೆಯ ಹೆಸರಿತ್ತು. ಸುರಭಿಯ ಸರದಿ ಒಂದು ವರ್ಷದ ಮೇಲೆ.

"ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡಿ," ಎಂದ. "ಒಂದೇ ಒಂದು ಹೆಸರು. ಆ ಕಡೆಯಿಂದ ಈ ಕಡೆ. ಬೇರೆ ಯಾರನ್ನಾದ್ರೂ ಒಪ್ಪಿಸಿ ಬದಲಾಯಿಸ್ಕೋತೀನಿ, ಅವ್ರಿಗೇನೂ ಅಭ್ಯಂತರ ಇರಲ್ಲ."

"ಆಗಲ್ಲ ಲಕ್ಷ್ಮೀಶ."

"ಈ ದುಡ್ಡು ಬರೋಕೆ ನಾನು ಎಲ್ಲರ ಮುಂದೆ ಬೆತ್ತಲಾಗಿದ್ದೀನಿ. ಕಂಡವ್ರ ಮಕ್ಕಳೆಲ್ಲ ಒಳಗೆ, ನನ್ನ ಮಗಳು ಹೊರಗಾ?"

"ಹೌದು."

"ನಿಮ್ಮ ಮಗಳಾಗಿದ್ರೆ?"

"ನನ್ನ ಮಗಳಾಗಿದ್ರೆ ನಾನೂ ಬಂದು ಹೀಗೇ ಕೇಳ್ತಿದ್ದೆ. ಆದ್ರೆ ಕೇಳಿಸ್ಕೊಂಡೋರು ಆಗಲ್ಲ ಅನ್ನಲೇಬೇಕು. ಒಂದು ಹೆಸರು ಜರುಗಿಸಿದ್ರೆ ಎಲ್ಲಾ ಮಕ್ಕಳದ್ದೂ ನಿಂತುಹೋಗುತ್ತೆ. ನಿಂತುಹೋಗದಿದ್ರೂ ನಾನು ಮಾಡ್ತಿರ್ಲಿಲ್ಲ. ಈ ಕೆಲಸದಲ್ಲಿ ಒಂದು ಸುಳ್ಳು ಸೇರಿದ್ರೆ ಉಳಿದದ್ದೂ ಸುಳ್ಳೇ."

ಸುರಭಿಗೆ ಏನಾದರೂ ಆತಂಕವಿದ್ದರೆ ನನ್ನ ಹೊರರೋಗಿ ವಿಭಾಗದ ಬಾಗಿಲು ಇವತ್ತೇ ತೆರೆದಿದೆ, ಅದಕ್ಕೆ ಚೀಟಿ ಬೇಕಿಲ್ಲ ಎಂದೆ. ಅವನ ಬಿಯರ್ ವಿಷಯಕ್ಕೂ ಒಂದು ಸಲಹಾ ಕೇಂದ್ರದ ವಿಳಾಸ ಕೊಟ್ಟೆ. ಅವನು ವಿಳಾಸ ಜೇಬಿಗೆ ಹಾಕಿಕೊಂಡ, ಆದರೆ ಕಾಫಿ ಮುಟ್ಟದೆ ಎದ್ದ. "ನೀವು ತುಂಬಾ ಕಟುಕರು ಮೇಡಂ," ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದ. ನಾನು ಬಾಗಿಲು ಹಾಕಿಕೊಂಡು ಅತ್ತೆ. ಅತ್ತು ಮುಖ ತೊಳೆದುಕೊಂಡು ಮೊದಲ ಸಂಜೆಯ ತಯಾರಿಗೆ ಕುಳಿತೆ.

ಕಾರ್ಯಕ್ರಮ ಗುರುವಾರಗಳಂದು ಅದೇ ಭವನದಲ್ಲಿ. ಅದರ ಬೀಗದ ಕೈಯನ್ನು ಚರ್ಚಿನವರು ಸಂಘದ ಅಧ್ಯಕ್ಷನಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಅವನು ಬರದಿದ್ದರೆ ಏನು ಗತಿ ಎಂದು ಸುಹಾಸ್ ಹೆದರಿದ್ದ. ಲಕ್ಷ್ಮೀಶ ನಮಗಿಂತ ಮೊದಲೇ ಬಂದಿದ್ದ. ಕೀರ್ತಿಗೆ ಏರ್‌ಪೋರ್ಟ್‌ನಲ್ಲಿ ಸಂಜೆ ಪಾಳಿಯಾದ್ದರಿಂದ ಸುರಭಿಯನ್ನೂ ಕರೆತಂದಿದ್ದ. ಇಬ್ಬರೂ ಕುರ್ಚಿಗಳನ್ನು ವೃತ್ತವಾಗಿ ಜೋಡಿಸಿದರು. ನನ್ನ ಜೊತೆ ಮಾತಿಲ್ಲ.

"ನಾವು ಹೊರಗಿರ್ಬೇಕು ಅಲ್ವಾ?" ಎಂದ ಕೊನೆಗೆ, ಮುಖ ನೋಡದೆ.

"ಹೌದು."

"ಮುಗಿದ್ಮೇಲೆ ಬೀಗ ಹಾಕೋಕೆ ಕರೀರಿ."

ಒಳಗೆ ಒಂದೂವರೆ ಗಂಟೆ ಕಾರ್ಯಕ್ರಮ ನಡೆಯಿತು. ಹೊರಗೆ ಅಪ್ಪ ಮಗಳು ಎದುರಿನ ಟ್ರಾಮ್ ನಿಲ್ದಾಣದ ಎರಡು ತುದಿಗಳಲ್ಲಿ ನಿಂತಿದ್ದರು, ಅವಳು ಫೋನಿನಲ್ಲಿ, ಅವನು ಟ್ರಾಮ್‌ಗಳನ್ನು ನೋಡುತ್ತ. ಎರಡನೇ ಗುರುವಾರವೂ ಹಾಗೇ. ಮೂರನೇ ಗುರುವಾರ ಚಳಿಗಾಳಿಯಿತ್ತು, ಇಬ್ಬರೂ ರಸ್ತೆಯುದ್ದಕ್ಕೂ ಹೋಗಿ ಬಂದು ಮಾಡುತ್ತಿದ್ದರು. ನಾನು ಕಿಟಕಿಯ ಕಡೆ ಹೋಗದಿರಲು ಪ್ರಯತ್ನಪಟ್ಟೆ, ಆದರೆ ಕಣ್ಣು ಹೋಗುತ್ತಿತ್ತು.

ಐದನೇ ಗುರುವಾರದ ಪಾಠ ಬಹಳ ಚಿಕ್ಕದು. ಅಪ್ಪ ಅಥವಾ ಅಮ್ಮ ಮಗುವನ್ನು 'ಹೇಗಿದ್ದೀಯಾ?' ಎಂದು ಕೇಳಬೇಕು. ಕೇಳಿ ಐದು ನಿಮಿಷ ಬಾಯಿ ಮುಚ್ಚಿಕೊಂಡಿರಬೇಕು, ಮಗು ಏನೇ ಹೇಳಲಿ, ಏನೂ ಹೇಳದಿರಲಿ. ನಮ್ಮವರಿಗೆ ಇದರಷ್ಟು ಕಷ್ಟದ ಪಾಠ ಇನ್ನೊಂದಿಲ್ಲ. ಮಗು ಎರಡು ಮಾತಾಡುವಷ್ಟರಲ್ಲಿ "ಅದಕ್ಕೇ ಹೇಳೋದು ನಾನು" ಎಂಬ ದನಿ ನಾಲ್ಕು ದಿಕ್ಕಿನಿಂದ ಎದ್ದಿತು. ಎಲ್ಲರನ್ನೂ ಗದರಿಸಿ ಮತ್ತೆ ಮೊದಲಿನಿಂದ ಶುರು ಮಾಡಿಸಿದೆ.

ಸುಹಾಸ್ ಕಿಟಕಿಯ ಬಳಿ ನಿಂತಿದ್ದವನು ನನ್ನ ತೋಳು ಮುಟ್ಟಿದ. ಹೊರಗೆ ನಿಲ್ದಾಣದ ಬೆಂಚಿನ ಮೇಲೆ ಸುರಭಿ ಕಾಲು ಮಡಚಿ ಕುಳಿತು ಮಾತಾಡುತ್ತಿದ್ದಳು, ಕೈ ಬೀಸಿ ಬೀಸಿ, ನಡುವೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ. ಒಂದು ಟ್ರಾಮ್ ಬಂದು ಹೋಯಿತು. ಅವಳು ಇನ್ನೂ ಮಾತಾಡುತ್ತಲೇ ಇದ್ದಳು. ಪಕ್ಕದಲ್ಲಿ ಲಕ್ಷ್ಮೀಶ, ಸಭೆಯಲ್ಲಿ ಮೈಕು ಸಿಕ್ಕರೆ ಬಿಡದ ಲಕ್ಷ್ಮೀಶ, ಎರಡೂ ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಒಂದೂ ಮಾತಾಡದೆ ಕುಳಿತಿದ್ದ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಮೇಡಂ," ಎಂದು ಸುಹಾಸ್ ಪಿಸುಗುಟ್ಟಿದ, "ಅವ್ರು ಕಾಯೋ ಗುಂಪು. ಅವ್ರು ಈಗಲೇ ಸರಿಹೋಗ್ಬಿಟ್ರೆ ನಮ್ಮ ಹೋಲಿಕೆ ಕೆಟ್ಟುಹೋಗುತ್ತೆ."

ನಾನು ಕಿಟಕಿಗೆ ಬೆನ್ನು ಮಾಡಿದೆ.

"ಪರದೆ ಎಳಿ," ಎಂದೆ. "ಅವರು ಒಳಗೆ ಬರೋ ಹಾಗಿಲ್ಲ ಅಂದಮೇಲೆ, ನಾವೂ ಹೊರಗೆ ನೋಡೋ ಹಾಗಿಲ್ಲ."

ಅವನು ಪರದೆ ಎಳೆದ. ನಾನು ವೃತ್ತಕ್ಕೆ ವಾಪಸ್ ಬರುವಷ್ಟರಲ್ಲಿ ಒಬ್ಬ ಅಪ್ಪ ಮಗನಿಗೆ ಬುದ್ಧಿ ಹೇಳಲು ಬಾಯಿ ತೆರೆದಿದ್ದ. ಐದು ನಿಮಿಷ ಇನ್ನೂ ಮುಗಿದಿರಲಿಲ್ಲ. ಬೆರಳು ತುಟಿಯ ಮೇಲಿಟ್ಟು ಅವನನ್ನು ಕೂರಿಸಿದೆ.